ಒಂದು ಸೂರು, ಎರಡು ಗಲ್ಲಾ: ಐರಿಷ್ ಪಬ್ಬಿನೊಳಗಿನ ಇಂಡಿಯನ್ ಊಟದ ಒಂದು ಪ್ರಕರಣ

ಇದು ಒಂದು ರಾತ್ರಿಯ ಊಟದ ಪೂರ್ತಿ ವಿವರ. ಊಟಕ್ಕೆ ಕೂತವರು ಎಂಟು ಜನ. ಮೂರು ತಿಂಗಳು ನಮ್ಮ ಜೊತೆ ಇದ್ದು ತಿಪಟೂರಿಗೆ ವಾಪಸು ಹೊರಟಿದ್ದ ನನ್ನ ಅಪ್ಪ ಅಮ್ಮ, ನಾನು, ನನ್ನ ಗಂಡ, ಹದಿಮೂರು ವರ್ಷದ ಮಗಳು, ಏಳು ವರ್ಷದ ಮಗ, ಪಕ್ಕದ ಮನೆಯ ಐರಿಷ್ ದಂಪತಿ. ಜಾಗ ಐರ್ಲೆಂಡಿನ ನಡುಭಾಗದಲ್ಲಿ, ಶ್ಯಾನನ್ ನದಿಯ ದಂಡೆಯ ಒಂದು ಊರಿನ ಹಳೆಯ ಪಬ್ಬು. ಅದರ ಅಡುಗೆಮನೆಯನ್ನೂ ಮಹಡಿಯ ಕೋಣೆಯನ್ನೂ ಬಾಡಿಗೆಗೆ ಹಿಡಿದು ಒಂದು ಇಂಡಿಯನ್ ರೆಸ್ಟೋರೆಂಟ್ ನಡೆಯುತ್ತಿದೆ. ಹೆಸರು ಹೇಳುವುದಿಲ್ಲ. ಆ ರಾತ್ರಿ ಆದ ಎಡವಟ್ಟುಗಳು ಒಬ್ಬರ ಕೆಟ್ಟತನದಿಂದ ಆದವಲ್ಲ, ಇಂಥ ಯಾವ ಪಬ್ಬಿನಲ್ಲಾದರೂ ಆಗಬಹುದಾದವು.

ಬರೆಯಬೇಕು ಅನ್ನಿಸಿದ್ದು ಅದಕ್ಕೇ. 2016ರ ಜನಗಣತಿಯಲ್ಲಿ ಐರ್ಲೆಂಡಿನಲ್ಲಿದ್ದ ಭಾರತೀಯ ಪ್ರಜೆಗಳು 11,465. 2022ರಲ್ಲಿ ಅದು 45,449 ಆಯಿತು. ಆಸ್ಪತ್ರೆ, ಸಾಫ್ಟ್‌ವೇರ್, ಔಷಧ ಕಾರ್ಖಾನೆ ಅಂತ ಬಂದವರಲ್ಲಿ ಕನ್ನಡದವರೂ ಇದ್ದಾರೆ. ಊರಿಂದ ಬಂದ ಅಪ್ಪ ಅಮ್ಮಂದಿರನ್ನು ಒಮ್ಮೆಯಾದರೂ ಹೊರಗೆ ಊಟಕ್ಕೆ ಕರೆದುಕೊಂಡು ಹೋಗಲೇಬೇಕಲ್ಲ. ಡಬ್ಲಿನ್ ಬಿಟ್ಟು ಸಣ್ಣ ಊರಿಗೆ ಬಂದರೆ ಇಂಡಿಯನ್ ಊಟ ಸಿಗುವ ಜಾಗ ಎಷ್ಟೋ ಸಲ ಪಬ್ಬಿನ ಮಹಡಿಯೋ ಹಿಂಭಾಗವೋ ಆಗಿರುತ್ತದೆ.

"ನಾನು ಬಾರೊಳಗೆ ಕಾಲಿಡಲ್ಲ ಕಣೇ"

ಮೊದಲ ತೊಡಕು ಮನೆಯಲ್ಲೇ ಬಂತು. ಎಲ್ಲಿಗೆ ಹೋಗುವುದು ಅಂತ ಹೇಳಿದ ಕೂಡಲೇ ಅಮ್ಮ, "ಪಬ್ಬು ಅಂದ್ರೆ ಬಾರೇ ತಾನೆ? ನಾನು ಬಾರೊಳಗೆ ಕಾಲಿಡಲ್ಲ ಕಣೇ. ನೀವೆಲ್ಲ ಹೋಗ್ಬನ್ನಿ, ನನಗೆ ಒಂದಿಷ್ಟು ಮೊಸರನ್ನ ಕಲಸಿಟ್ಟಿರು ಸಾಕು" ಅಂದಳು.

ಅಮ್ಮನ ಮಾತಿನಲ್ಲಿ ತಪ್ಪಿರಲಿಲ್ಲ. ಅವಳು ಕಂಡಿದ್ದು ನಮ್ಮ ಕಡೆಯ 'ಬಾರ್ ಅಂಡ್ ರೆಸ್ಟೋರೆಂಟ್' ಬೋರ್ಡು. ಹೊರಗೆ ಬೈಕುಗಳ ಸಾಲು, ಒಳಗೆ ಮಂದ ಬೆಳಕು, 'ಫ್ಯಾಮಿಲಿ ರೂಮ್ ಇದೆ' ಅಂತ ಬಾಣದ ಗುರುತು ಹಾಕಿದ ಒಂದು ಫಲಕ. ಆ ಬಾಣದ ಹಿಂದೆ ಹೋದ ಹೆಂಗಸರನ್ನು ಅವಳು ಎಪ್ಪತ್ತು ವರ್ಷದಲ್ಲಿ ನೋಡಿರಲಿಲ್ಲ. ಐರಿಷ್ ಪಬ್ಬು ಆ ಜಾತಿಯದಲ್ಲ ಅಂತ ಬಾಯಲ್ಲಿ ಹೇಳಿದರೆ ಅವಳಾದರೂ ಯಾಕೆ ನಂಬಬೇಕು?

ಪಕ್ಕದ ಮನೆಯಾಕೆ ತಾನೇ ಬಂದು ಅಮ್ಮನ ಎದುರು ಕೂತು ಹೇಳಿದರು, ನಾನು ಕನ್ನಡಕ್ಕೆ ತಿರುಗಿಸಿದೆ. ಅವರ ತಾಯಿ ತೀರಿಕೊಂಡಾಗ ಚರ್ಚು, ಮಣ್ಣು ಮುಗಿಸಿ ಊರವರೆಲ್ಲ ಸೂಪು ಸ್ಯಾಂಡ್‌ವಿಚ್ಚು ತಿಂದಿದ್ದು ಅದೇ ಪಬ್ಬಿನಲ್ಲಿ. ಮಗುವಿನ ನಾಮಕರಣದ ಊಟವೂ ಅಲ್ಲೇ ಆಗಿತ್ತು. ಹಿಂದೆ ಈ ದೇಶದ ಹಳ್ಳಿ ಪಬ್ಬುಗಳು ಬರೀ ಕುಡಿಯುವ ಜಾಗಗಳಾಗಿರಲಿಲ್ಲ. ಒಂದು ಕಡೆ ಗಲ್ಲಾದಲ್ಲಿ ಚಹಾ, ಸಕ್ಕರೆ, ಮೊಳೆ, ಹಗ್ಗ ಮಾರುತ್ತಿದ್ದರು, ಇನ್ನೊಂದು ಕಡೆ ಸ್ಟೌಟ್ ಅನ್ನುವ ಕಪ್ಪು ಬಿಯರು ಬಗ್ಗಿಸುತ್ತಿದ್ದರು. ಡಿಂಗಲ್ ಊರಿನಲ್ಲಿ ಹಾರ್ಡ್‌ವೇರ್ ಅಂಗಡಿಯೂ ಪಬ್ಬೂ ಒಂದೇ ಕೋಣೆಯಲ್ಲಿರುವುದನ್ನು ನಾನೇ ನೋಡಿದ್ದೇನೆ. ಪಬ್ಬಿನೊಳಗೆ ಇನ್ನೊಬ್ಬರ ವ್ಯಾಪಾರ ಸೇರಿಕೊಳ್ಳುವುದು ಇಲ್ಲಿಗೆ ಹೊಸತಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ಅಮ್ಮ ಪೂರ್ತಿ ಒಪ್ಪಲಿಲ್ಲ. "ನಿಮ್ಮ ತಾಯಿ ಊಟದ ಮನೆ ಅಂದ್ಮೇಲೆ ಬರ್ತೀನಿ" ಅಂದಳು. ಅಷ್ಟು ಸಾಕಾಯಿತು.

ಯಾರ ಪಬ್ಬು, ಯಾರ ಅಡುಗೆಮನೆ

ಆ ರಾತ್ರಿ ಆದದ್ದು ಅರ್ಥವಾಗಬೇಕಾದರೆ ಈ ಏರ್ಪಾಡು ಹೇಗೆ ನಡೆಯುತ್ತದೆ ಅಂತ ತಿಳಿದಿರಬೇಕು. ಆ ಹೊತ್ತಿಗೆ ನನಗೆ ತಿಳಿದಿರಲಿಲ್ಲ. ಆಮೇಲೆ ಪಬ್ಬಿನವರು, ರೆಸ್ಟೋರೆಂಟಿನವರು ಇಬ್ಬರ ಹತ್ತಿರವೂ ಕೂತು ಕೇಳಿ ತಿಳಿದುಕೊಂಡೆ.

ಕಟ್ಟಡ, ಮದ್ಯದ ಲೈಸೆನ್ಸು, ಕೌಂಟರು ಪಬ್ಬಿನ ಯಜಮಾನರದು. ಐರ್ಲೆಂಡಿನಲ್ಲಿ ಪಬ್ ಲೈಸೆನ್ಸು ಬೇಕು ಅಂದ ಕೂಡಲೇ ಹುಟ್ಟುವುದಿಲ್ಲ. 1902ರ ಕಾಯ್ದೆಯಿಂದ ಈಚೆಗೆ ಹೊಸದೊಂದು ಬೇಕಾದರೆ ಸಾಮಾನ್ಯವಾಗಿ ಹಳೆಯದೊಂದು ಇಲ್ಲವಾಗಬೇಕು. ಹಾಗಾಗಿ ಲೈಸೆನ್ಸೇ ಒಂದು ಆಸ್ತಿ. ಆದರೆ ಆ ಆಸ್ತಿಯ ಮೇಲಿನ ದುಡಿಮೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. 2004ರ ಮಾರ್ಚ್ 29ರಂದು ಪಬ್ಬಿನೊಳಗೆ ಸಿಗರೇಟು ನಿಂತಿತು. ಇಡೀ ದೇಶಕ್ಕೆ ಅಂಥ ನಿಷೇಧ ತಂದ ಮೊದಲ ನಾಡು ಐರ್ಲೆಂಡ್. 2011ರಲ್ಲಿ ಗಾಡಿ ಓಡಿಸುವವರ ರಕ್ತದಲ್ಲಿರಬಹುದಾದ ಆಲ್ಕೋಹಾಲಿನ ಮಿತಿ 100 ಮಿಲಿಲೀಟರಿಗೆ 80ರಿಂದ 50 ಮಿಲಿಗ್ರಾಮಿಗೆ ಇಳಿಯಿತು. ಎರಡೂ ಒಳ್ಳೆಯ ಕಾನೂನುಗಳೇ. ಆದರೆ ಬಸ್ಸಿಲ್ಲದ ಊರಿನ ಪಬ್ಬಿಗೆ ಜನ ಬರುವುದು ಕಡಿಮೆಯಾಯಿತು. 2005ರಲ್ಲಿ 8,617 ಇದ್ದ ಪಬ್ಬುಗಳು 2021ರ ಹೊತ್ತಿಗೆ 6,788 ಆಗಿದ್ದವು.

ಕೊನೆಯ ಏಟು ಕೊಟ್ಟಿದ್ದು ಕೋವಿಡ್. 2020ರ ಜೂನ್ 29ಕ್ಕೆ ಪಬ್ಬು ತೆರೆಯಲು ಅನುಮತಿ ಸಿಕ್ಕಿದ್ದು ಊಟ ಕೊಡುವವರಿಗೆ ಮಾತ್ರ. ಒಬ್ಬೊಬ್ಬರೂ ಕನಿಷ್ಠ 9 ಯೂರೊ ಬೆಲೆಯ 'ಗಟ್ಟಿ ಊಟ' ತೆಗೆದುಕೊಳ್ಳಬೇಕಿತ್ತು. ಬರೀ ಕುಡಿಯುವ ಪಬ್ಬುಗಳು ಬಾಗಿಲು ಹಾಕಿಕೊಂಡೇ ಕೂತವು. ನಾನು ಹೇಳುತ್ತಿರುವ ಪಬ್ಬಿನ ಯಜಮಾನರಿಗೆ ಅಡುಗೆಮನೆ ಇತ್ತು, ಅಡುಗೆಯವರಿರಲಿಲ್ಲ. ಆಗ ಕೈಜೋಡಿಸಿದವರು ಈ ರೆಸ್ಟೋರೆಂಟಿನವರು. ಇವರಿಗೆ ತಂದೂರು ಒಲೆ ತಂದಿಟ್ಟುಕೊಳ್ಳಲು ಜಾಗ ಬೇಕಿತ್ತು. ಬಿಯರು ಮಾರುವ ಲೈಸೆನ್ಸಿಗೆ ಓಡಾಡುವ ತಾಪತ್ರಯವೂ ತಪ್ಪಿತು.

ಕರಾರು ಸರಳ. ಊಟದ ದುಡ್ಡು ರೆಸ್ಟೋರೆಂಟಿಗೆ, ಕುಡಿಯುವುದರ ದುಡ್ಡು ಪಬ್ಬಿಗೆ. ಎರಡು ಕಾರ್ಡ್ ಮಶೀನು, ಎರಡು ಬಿಲ್ಲು. ಆಗ ಊಟದ ಮೇಲೆ ವ್ಯಾಟು 13.5 ಶೇಕಡಾ ಇತ್ತು, ಬಿಯರಿನ ಮೇಲೆ 23. ಊಟದ ಮುಂಗಡ ಬುಕಿಂಗ್ ರೆಸ್ಟೋರೆಂಟಿನವರ ಫೋನಿಗೆ ಬರುತ್ತದೆ. ಯಾವ ಮೇಜು ಯಾರಿಗೆ ಅನ್ನುವುದನ್ನು ಕೆಳಗಡೆ ಪಬ್ಬಿನವರು, ಮಹಡಿಯಲ್ಲಿ ರೆಸ್ಟೋರೆಂಟಿನವರು ನಿರ್ಧರಿಸುತ್ತಾರೆ. ಅಡುಗೆಮನೆ ಇಬ್ಬರಿಗೂ ಒಂದೇ. ಪಬ್ಬಿನ ಹಳೆಯ ಮೆನು, ಅಂದರೆ ಮೀನು, ಚಿಪ್ಸು, ಚಿಕನ್ ತುಂಡುಗಳು, ಇನ್ನೂ ನಡೆಯುತ್ತಿದೆ. ಅದನ್ನೂ ಇವರೇ ಕರಿದು ಕೊಡುತ್ತಾರೆ.

ಆ ಶನಿವಾರ

ವಾರ ಮೊದಲೇ ನಾನು ಫೋನು ಮಾಡಿದ್ದೆ. ಎಂಟು ಜನ, ಏಳೂಕಾಲಿಗೆ. ನಾಲ್ವರು ಶುದ್ಧ ಸಸ್ಯಾಹಾರಿಗಳು, ಒಬ್ಬರಿಗೆ ಸೀಲಿಯಾಕ್ ಕಾಯಿಲೆ. ಗೋಧಿಯಲ್ಲಿರುವ ಗ್ಲುಟನ್ ಹೊಟ್ಟೆಗೆ ಹೋದರೆ ಕರುಳಿನ ಒಳಪದರಕ್ಕೇ ಪೆಟ್ಟು ಬೀಳುವ ಕಾಯಿಲೆ ಅದು. ಪಕ್ಕದ ಮನೆಯಾಕೆಗೆ ಇಪ್ಪತ್ತು ವರ್ಷದಿಂದ ಇದೆ. "ವೆಜ್ ಇದೆಯಾ?" ಇದೆ. "ಗ್ಲುಟನ್ ಇಲ್ಲದ್ದು?" ಇದೆ. ಸಮಾಧಾನವಾಗಿ ಫೋನಿಟ್ಟೆ.

ಅಂದು ಆರು ದೇಶಗಳ ತಂಡಗಳು ಆಡುವ ಸಿಕ್ಸ್ ನೇಷನ್ಸ್ ರಗ್ಬಿಯ ಶನಿವಾರ ಅನ್ನುವುದು ನನ್ನ ತಲೆಯಲ್ಲಿರಲಿಲ್ಲ. ಸಂಜೆಯ ಆಟ ಮುಗಿಸಿದ ಜನ ಎದ್ದು ಹೋಗದೆ ಅಲ್ಲೇ ಊಟಕ್ಕೆ ಹೇಳಿದ್ದರು. ಮಹಡಿಯ ಕೋಣೆಯನ್ನು ಯಾರದೋ ನಲವತ್ತನೇ ಹುಟ್ಟುಹಬ್ಬಕ್ಕೆ ಕೊಟ್ಟಾಗಿತ್ತು. ನಮಗೆ ಸಿಕ್ಕಿದ್ದು ಕೆಳಗೆ, ಬಾರಿನ ಪಕ್ಕದಲ್ಲೇ ಎರಡು ಮೇಜು ಜೋಡಿಸಿದ ಜಾಗ. ಅದೂ ಖಾಲಿಯಾಗಿರಲಿಲ್ಲ.

ಕಾಯಲು ನಮ್ಮನ್ನು ಕೂರಿಸಿದ್ದು ಸ್ನಗ್ಗಿನಲ್ಲಿ. ಹಳೆಯ ಪಬ್ಬುಗಳಲ್ಲಿ ಬಾಗಿಲ ಪಕ್ಕ ಮರದ ಹಲಗೆ ಹೊಡೆದು ಮಾಡಿದ ಪುಟ್ಟ ಕೋಣೆ ಇದು. ಬಾರಿನ ಕಡೆಗೊಂದು ಸಣ್ಣ ಕಿಂಡಿ. ಗಂಡಸರ ಕಣ್ಣಿಗೆ ಬೀಳದೆ ಹೆಂಗಸರು ಒಂದು ಲೋಟ ಕುಡಿಯಲು, ಪಾದ್ರಿಗಳೂ ಪೊಲೀಸರೂ ಯಾರಿಗೂ ಕಾಣದೆ ಕೂರಲು ಈ ಕೋಣೆ. ಹೆಂಗಸರಿಗೆ ಪೂರ್ತಿ ಪಿಂಟು, ಅಂದರೆ ದೊಡ್ಡ ಲೋಟದ ಬಿಯರು, ಕೊಡದ ಪಬ್ಬುಗಳು 1970ರ ದಶಕದಲ್ಲೂ ಇದ್ದವು ಅಂತ ಪಕ್ಕದ ಮನೆಯಾಕೆ ಹೇಳಿದಾಗ ಅಮ್ಮ ನೆಟ್ಟಗೆ ಕೂತಳು. "ಹಾಗಾದ್ರೆ ಇಲ್ಲೂ ಫ್ಯಾಮಿಲಿ ರೂಮ್ ಇತ್ತು ಅನ್ನು" ಅಂದಳು. ಅಷ್ಟು ಹೊತ್ತು ಸೆರಗು ಬಿಗಿ ಹಿಡಿದು ಕೂತಿದ್ದವಳು ಆಮೇಲೆ ಸುತ್ತ ಕಣ್ಣಾಡಿಸತೊಡಗಿದಳು.

ಕಿಂಡಿಯಿಂದ ಪಾನೀಯ ಬಂತು. ಅಮ್ಮನಿಗೆ ಬಿಸಿನೀರಿಗೆ ಕಪ್ಪು ಕರಂಟ್ ಹಣ್ಣಿನ ರಸ ಬೆರೆಸಿದ್ದು. ಇಲ್ಲಿಯ ಪಬ್ಬುಗಳಲ್ಲಿ ಚಳಿಗಾಲದಲ್ಲಿ ಯಾರು ಬೇಕಾದರೂ ಕೇಳಿ ಕುಡಿಯುವುದು ಇದು. "ಕಷಾಯದ ಹಂಗಿದೆ, ಚೆನ್ನಾಗಿದೆ" ಅಂದಳು. ಮಕ್ಕಳಿಗೆ ಕೆಂಪು ಲೆಮನೇಡು. ನನ್ನ ಗಂಡನಿಗೆ, ಗಾಡಿ ಓಡಿಸಬೇಕಿದ್ದರಿಂದ, ಇಲ್ಲಿಯ ಹೆಸರಾದ ಕಪ್ಪು ಬಿಯರು ಗಿನೆಸ್, ಅದರಲ್ಲಿ ಆಲ್ಕೋಹಾಲಿಲ್ಲದ್ದು. ಅದೂ ನಿಜವಾದ ಗಿನೆಸ್ಸಿನಷ್ಟೇ ಕಪ್ಪಗಿರುತ್ತದೆ, ಮೇಲೆ ಅಷ್ಟೇ ಬಿಳಿ ನೊರೆ. ಅಮ್ಮ ಅಳಿಯನ ಲೋಟವನ್ನೇ ನೋಡುತ್ತಿದ್ದುದನ್ನು ಕಂಡು ಅವರು ಲೋಟದ ಮೇಲಿನ ಸೊನ್ನೆ ಸೊನ್ನೆ ಗುರುತನ್ನು ಅತ್ತೆಯ ಕಡೆ ತಿರುಗಿಸಿಟ್ಟರು.

ಇಲ್ಲಿ ಒಂದು ಮಾತು. ಸಸ್ಯಾಹಾರದ ಪ್ರಶ್ನೆ ತಟ್ಟೆಗೆ ಮುಗಿಯುವುದಿಲ್ಲ, ಲೋಟಕ್ಕೂ ಹೋಗುತ್ತದೆ. ಬಿಯರು ತಿಳಿಯಾಗಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಅನ್ನುವ ಅಂಟನ್ನು ಹಿಂದಿನಿಂದ ಬಳಸುತ್ತಿದ್ದರು. ಗಿನೆಸ್ ಅದನ್ನು ಕೈಬಿಡುತ್ತೇವೆಂದು ಹೇಳಿದ್ದು 2015ರಲ್ಲಿ, ಬಿಟ್ಟಿದ್ದು ಅದರ ಮುಂದಿನ ವರ್ಷಗಳಲ್ಲಿ. ಅದಕ್ಕೆ ಮೊದಲು ಮೊಟ್ಟೆಯನ್ನೂ ಮುಟ್ಟದ ನಮ್ಮವರು ಎಷ್ಟೋ ಜನ ತಿಳಿಯದೆ ಕುಡಿದಿದ್ದಾರೆ.

ಮೇಜು ಸಿಕ್ಕಾಗ ಏಳು ಮುಕ್ಕಾಲು. ಊಟಕ್ಕೆ ಹೇಳಿ ಮತ್ತೆ ಕಾದೆವು. ಆ ಕಾಯುವಿಕೆಯಲ್ಲಿ ಅಪ್ಪ ಸುಖವಾಗಿದ್ದರು. ಅವರು ನಿವೃತ್ತ ಇತಿಹಾಸದ ಮೇಷ್ಟ್ರು, ಪಕ್ಕದ ಮನೆಯವರು ಐರ್ಲೆಂಡಿನ ದಕ್ಷಿಣದ ಕಾರ್ಕ್ ಊರಿನ ಕಡೆಯವರು. ಬ್ರಿಟನ್ನಿನ ಮೊದಲ ಇಂಡಿಯನ್ ರೆಸ್ಟೋರೆಂಟ್ ತೆರೆದವನು ಕಾರ್ಕಿನಿಂದ ಹೋದವನು ಅಂತ ಅಪ್ಪ ಹೇಳಿದಾಗ ಅವರು ಲೋಟ ಕೆಳಗಿಟ್ಟರು. ಪಟ್ನಾದಲ್ಲಿ 1759ರಲ್ಲಿ ಹುಟ್ಟಿದ ಶೇಖ್ ದೀನ್ ಮಹಮದ್ ಒಬ್ಬ ಐರಿಷ್ ಸೇನಾಧಿಕಾರಿಯ ಜೊತೆ 1784ರಲ್ಲಿ ಕಾರ್ಕಿಗೆ ಬಂದ. ಅಲ್ಲಿಯ ಜೇನ್ ಡೇಲಿಯನ್ನು ಮದುವೆಯಾದ. ತನ್ನ ಪ್ರವಾಸ ಕಥನವನ್ನು 1794ರಲ್ಲಿ ಅಲ್ಲೇ ಅಚ್ಚು ಹಾಕಿಸಿದ. ಭಾರತೀಯನೊಬ್ಬ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕ ಅದು. ಆಮೇಲೆ ಲಂಡನ್ನಿಗೆ ಹೋಗಿ 1810ರಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆರೆದ. ಎರಡೇ ವರ್ಷದಲ್ಲಿ ದಿವಾಳಿಯಾದ. ಗಿನೆಸ್ ಶುರುವಾಗಿದ್ದೂ 1759ರಲ್ಲೇ ಅಂತ ಪಕ್ಕದ ಮನೆಯವರು ಸೇರಿಸಿದರು. ಬಾರಿನ ಫ್ರಿಜ್ಜಿನಲ್ಲಿದ್ದ ಕೋಬ್ರಾ ಬಾಟಲಿ ತೋರಿಸಿ ನನ್ನ ಗಂಡ, ಕರಣ್ ಬಿಲಿಮೋರಿಯಾ ಈ ಬಿಯರನ್ನು ಮಸಾಲೆ ಊಟದ ಜೊತೆ ಹೊಟ್ಟೆ ಉಬ್ಬರಿಸದಂತೆ ಗ್ಯಾಸು ಕಡಿಮೆಯಿಟ್ಟು ಮಾಡಿಸಿದ್ದು, ಅದು ಮೊದಲು ತಯಾರಾಗಿದ್ದು ನಮ್ಮ ಬೆಂಗಳೂರಿನಲ್ಲಿ, ಮೈಸೂರು ಬ್ರೂವರೀಸಿನಲ್ಲಿ ಅಂತ ಹೇಳಿದರು. ಮಾತು ಅಷ್ಟು ಚೆನ್ನಾಗಿ ಕೂಡಿತ್ತು. ಗಡಿಯಾರದ ಕಡೆ ಯಾರೂ ನೋಡಲಿಲ್ಲ.

ಎಣ್ಣೆ, ಇಂಗು

ಎಂಟು ಇಪ್ಪತ್ತಕ್ಕೆ ಈರುಳ್ಳಿ ಪಕೋಡ, ಸಮೋಸ ಬಂತು. ಮಗ ಚಿಪ್ಸು ಕೇಳಿದ್ದ, ಅದೂ ಬಂತು. ಐರ್ಲೆಂಡಿನಲ್ಲಿ ಕರಿ ಜೊತೆ ಅರ್ಧ ಅನ್ನ ಅರ್ಧ ಚಿಪ್ಸು ಕೇಳುವುದು ಎಲ್ಲರಿಗೂ ಅಭ್ಯಾಸ. 'ಹಾಫ್ ಅಂಡ್ ಹಾಫ್' ಅಂದರೆ ಸಾಕು, ಯಾವ ಅಡುಗೆಮನೆಗೂ ಅರ್ಥವಾಗುತ್ತದೆ.

ಅಮ್ಮ ಪಕೋಡ ಕೈಗೆತ್ತಿಕೊಂಡು ಮೂಸಿದಳು. ತಿನ್ನಲಿಲ್ಲ. "ಇದನ್ನ ಕರಿದ ಎಣ್ಣೆ ಯಾವ್ದು ಕೇಳು" ಅಂದಳು. ಬಡಿಸುತ್ತಿದ್ದ ಹುಡುಗಿ ಕಾಲೇಜು ಓದುತ್ತ ಪಬ್ಬಿನಲ್ಲಿ ಶನಿವಾರ ಮಾತ್ರ ದುಡಿಯುವವಳು. ಮುಚ್ಚುಮರೆ ಇಲ್ಲದೆ ಹೇಳಿದಳು: ಒಳಗೆ ಇರುವುದು ಒಂದೇ ಫ್ರೈಯರು, ಮೀನು, ಚಿಕನ್ನು, ಚಿಪ್ಸು, ಪಕೋಡ ಎಲ್ಲ ಅದರಲ್ಲೇ. ಅಪ್ಪ ಕಚ್ಚಿದ್ದ ಪಕೋಡವನ್ನು ಮೆಲ್ಲಗೆ ತಟ್ಟೆಯ ಅಂಚಿಗಿಟ್ಟು ನೀರು ಕುಡಿದರು. ಏನೂ ಅನ್ನಲಿಲ್ಲ. ಅವರು ಏನೂ ಅನ್ನದೆ ಇದ್ದದ್ದೇ ನನಗೆ ಈಗಲೂ ಚುಚ್ಚುತ್ತದೆ. ಅದು ನಾನು ಫೋನಿನಲ್ಲೇ ಕೇಳಬೇಕಿದ್ದ ಪ್ರಶ್ನೆ. ಮಾಂಸವಿಲ್ಲದ ಪದಾರ್ಥ ಅಂದರೆ ಸಸ್ಯಾಹಾರ ಅಂತ ಆ ಅಡುಗೆಮನೆ ತಿಳಿದಿತ್ತು. ನಮ್ಮ ಮನೆಯ ಲೆಕ್ಕದಲ್ಲಿ ಎಣ್ಣೆ, ಸೌಟು, ಬಾಣಲಿಗಳೂ ಸೇರುತ್ತವೆ.

ಎಂಟೂ ಮುಕ್ಕಾಲಿಗೆ ಸ್ವಲ್ಪ ಮುಂಚೆ ಊಟ ಬಂತು. ದಾಲ್, ಆಲೂ ಗೋಬಿ, ಅನ್ನ, ತಂದೂರಿ ರೊಟ್ಟಿ, ಪಕ್ಕದ ಮನೆಯವರಿಗೆ ಬಟರ್ ಚಿಕನ್. ಅವರ ಹೆಂಡತಿಗೆ ತಂದ ದಾಲಿನ ಬಟ್ಟಲಿನಲ್ಲಿ ಗ್ಲುಟನ್ ಇಲ್ಲ ಅನ್ನುವ ಪುಟ್ಟ ಕಡ್ಡಿಬಾವುಟ ನೆಟ್ಟಿತ್ತು. ಅವರು ಚಮಚ ಕೈಗೆತ್ತಿಕೊಂಡರು.

ಅಮ್ಮ ಎದುರುಗಡೆ ಕೂತಿದ್ದಳು. "ಒಗ್ಗರಣೆಗೆ ಇಂಗು ಹಾಕಿದಾರಲ್ಲ?" ಅಂದಳು. ಹೌದು ಅಂದೆ, ಘಮ ಬರುತ್ತಿತ್ತು. "ಡಬ್ಬಿ ಇಂಗಾದ್ರೆ ಅದರಲ್ಲಿ ಗೋಧಿ ಹಿಟ್ಟಿರುತ್ತೆ ಕಣೇ. ಅದಕ್ಕೇ ಏಕಾದಶಿಗೆ ನಾವು ಮುಟ್ಟಲ್ಲ. ಅವರಿಗೆ ಗೋಧಿ ಆಗಲ್ಲ ಅಂದ್ಯಲ್ಲ? ತಿನ್ಬೇಡ ಅನ್ನು, ತಿನ್ಬೇಡ ಅನ್ನು!"

ನಾನು ಕೈ ಚಾಚಿ ಚಮಚ ಹಿಡಿದೆ. ತುಟಿಗೆ ತಾಗಿರಲಿಲ್ಲ.

ಇದು ಸಣ್ಣ ಸಂಗತಿಯಲ್ಲ. ಗಟ್ಟಿ ಇಂಗು ಗಿಡದ ಬೇರಿನ ಹಾಲಿನಿಂದ ಬರುವ ಅಂಟು. ಅದು ಬಹಳ ತೀಕ್ಷ್ಣ, ಹಾಗೇ ಬಳಸಲಾಗದು. ಅದಕ್ಕೇ ಗೋಂದು, ಹಿಟ್ಟು ಸೇರಿಸಿ ಪುಡಿ ಮಾಡಿ ಡಬ್ಬಿಗೆ ತುಂಬುತ್ತಾರೆ. ಆ ಹಿಟ್ಟು ಹೆಚ್ಚಿನ ಸಲ ಗೋಧಿಯದು. ಯುರೋಪಿಯನ್ ನಿಯಮದ ಪ್ರಕಾರ ಗ್ಲುಟನ್ ಇಲ್ಲ ಅಂತ ಹೇಳಬೇಕಾದರೆ ಒಂದು ಕಿಲೋ ಆಹಾರದಲ್ಲಿ ಅದು 20 ಮಿಲಿಗ್ರಾಂ ಮೀರಬಾರದು. ಒಂದು ಪಾತ್ರೆ ದಾಲಿಗೆ ಬಿದ್ದ ಚಿಟಿಕೆ ಇಂಗಿನಲ್ಲಿ ಎಷ್ಟಿತ್ತು ಅಂತ ಆ ಮೇಜಿನಲ್ಲಿ ಕೂತು ಯಾರೂ ಹೇಳಲಾರರು. 2014ರ ಡಿಸೆಂಬರಿನಿಂದ ಹೋಟೆಲುಗಳು ಹದಿನಾಲ್ಕು ಅಲರ್ಜಿ ಪದಾರ್ಥಗಳ ವಿವರವನ್ನು ಬರೆದು ತೋರಿಸಲೇಬೇಕು. ಇಲ್ಲೂ ಬರೆದಿದ್ದರು. ದಾಲಿನ ಮುಂದೆ ಹಾಲು, ಸಾಸಿವೆ ಅಂತ ಇತ್ತು. ಸಾಸಿವೆಯನ್ನೂ ಮರೆಯದೆ ಬರೆದವರು ಇಂಗಿನ ಡಬ್ಬಿಯನ್ನು ತಿರುಗಿಸಿ ಹಿಂಬದಿ ಓದಿರಲಿಲ್ಲ.

ಅಡುಗೆಯವರು ತಾವೇ ಹೊರಗೆ ಬಂದರು. ಗಢವಾಲ್ ಕಡೆಯವರು, ಐವತ್ತರ ಆಸುಪಾಸು. ಕೈಯಲ್ಲಿ ಡಬ್ಬಿ ಇತ್ತು. ಚೀಟಿಯಲ್ಲಿ ಗೋಂದು, ಗೋಧಿ ಹಿಟ್ಟು, ಇಂಗು ಅಂತ ಇದೇ ಕ್ರಮದಲ್ಲಿ ಅಚ್ಚಾಗಿತ್ತು. ಗೋಧಿ ಅನ್ನುವುದು ದಪ್ಪಕ್ಷರದಲ್ಲೇ ಇತ್ತು. ಅವರ ಮುಖ ಬಿಳಿಚಿಕೊಂಡಿತು. ರೊಟ್ಟಿ, ನಾನ್, ಸಮೋಸ ಇವುಗಳನ್ನೇ ಗೋಧಿ ಅಂದುಕೊಂಡಿದ್ದೆ ಅಂತ ಹಿಂದಿಯಲ್ಲಿ ಹೇಳಿ, ಅಮ್ಮನಿಗೆ ಕೈ ಮುಗಿದರು. ಅಮ್ಮನೂ ತನಗೆ ಬರುವಷ್ಟು ಹಿಂದಿಯಲ್ಲಿ "ಜೀರಾ ಹಾಕಿ ಮಾಡಿಕೊಡಪ್ಪ, ಇಂಗು ಬೇಡ, ಸೌಟು ಬೇರೆ" ಅಂತ ಹೇಳಿ ಕಳಿಸಿದಳು. ಹೊಸ ಪಾತ್ರೆಯಲ್ಲಿ ಮತ್ತೆ ಬೇಯಿಸಲು ಇಪ್ಪತ್ತು ನಿಮಿಷ ಬೇಕು ಅಂದರು.

ಆ ಇಪ್ಪತ್ತು ನಿಮಿಷ ನಮ್ಮ ಹತ್ತಿರ ಇರಲಿಲ್ಲ.

ಒಂಬತ್ತು ಗಂಟೆ

ಎಂಟು ಐವತ್ತಕ್ಕೆ ಪಬ್ಬಿನ ಮ್ಯಾನೇಜರ್ ಬಂದು, ಬಗ್ಗಿ, ಬೇಸರದ ದನಿಯಲ್ಲೇ ಹೇಳಿದರು: ಒಂಬತ್ತಾದ ಮೇಲೆ ಮಕ್ಕಳು ಇಲ್ಲಿ ಕೂರುವಂತಿಲ್ಲ.

ನನಗೆ ಸಿಟ್ಟು ಬಂತು. ರೆಸ್ಟೋರೆಂಟಿನವರು ಓಡಿ ಬಂದು ಇದು ಊಟದ ಟೇಬಲ್ಲು, ಕುಟುಂಬ ಕೂತಿದೆ ಅಂದರು. ಲೈಸೆನ್ಸು ನನ್ನ ಯಜಮಾನರದು ಅಂದರು ಮ್ಯಾನೇಜರ್. ಇಬ್ಬರೂ ನಮ್ಮ ತಲೆಯ ಮೇಲೆ ಮಾತಾಡುತ್ತಿದ್ದರು. ಮಗ ಅಳುಮುಖ ಮಾಡಿದ. ಅಮ್ಮ ಆಗಲೇ ಸೆರಗು ಸರಿ ಮಾಡಿಕೊಂಡು ಎದ್ದು ನಿಂತಿದ್ದಳು. ಅವಳ ಕಣ್ಣಿಗೆ ಅದು ನಮ್ಮನ್ನು ಎಬ್ಬಿಸಿ ಕಳಿಸಿದ ಹಾಗೇ ಕಂಡಿರಬೇಕು.

ಈಗ ಕಾನೂನು ಓದಿದ ಮೇಲೆ ಹೇಳುತ್ತೇನೆ, ಮ್ಯಾನೇಜರ್ ಹೇಳಿದ್ದು ಸರಿ. 2003ರ ಮದ್ಯ ಕಾಯ್ದೆಯ ಪ್ರಕಾರ ಪಬ್ಬಿನ ಬಾರಿನಲ್ಲಿ ರಾತ್ರಿ 9ರ ನಂತರ 18 ತುಂಬದವರು ಇರಬಾರದು. ಮೇ 1ರಿಂದ ಸೆಪ್ಟೆಂಬರ್ 30ರವರೆಗೆ ಮಾತ್ರ 10ರವರೆಗೆ ರಿಯಾಯಿತಿ. ಅದಕ್ಕೂ ಮೊದಲಾದರೂ 15 ತುಂಬದವರ ಜೊತೆ ತಂದೆ ತಾಯಿಯೋ ಪೋಷಕರೋ ಇರಲೇಬೇಕು. ಖಾಸಗಿ ಸಮಾರಂಭದ ಊಟಕ್ಕೆ ಕೊಟ್ಟಿರುವ ವಿನಾಯಿತಿ 15ರಿಂದ 17ರವರಿಗಷ್ಟೇ, ನಮ್ಮ ಮಕ್ಕಳಿಗೆ ಅದು ಒದಗುತ್ತಿರಲಿಲ್ಲ. ತಪ್ಪಿದರೆ ದಂಡ ಲೈಸೆನ್ಸುದಾರರಿಗೆ. ರೆಸ್ಟೋರೆಂಟಿನವರಿಗೆ ಏನೂ ಆಗುವುದಿಲ್ಲ. ಹಾಗಾಗಿಯೇ ಒಬ್ಬರಿಗೆ ಒಂಬತ್ತು ಗಂಟೆ ನೆನಪಿತ್ತು, ಇನ್ನೊಬ್ಬರಿಗೆ ಇರಲಿಲ್ಲ.

ಆದರೆ ಆ ಕಾನೂನಿನಲ್ಲಿ 'ಬಾರು' ಅಂದರೆ ಇಡೀ ಕಟ್ಟಡ ಅಲ್ಲ. ಮುಖ್ಯವಾಗಿ ಮದ್ಯ ಮಾರಲು, ಕುಡಿಯಲು ಬಳಸುವ ಭಾಗ, ಮತ್ತು ಕೌಂಟರು. ಊಟಕ್ಕೆಂದೇ ಇಟ್ಟ ಮಹಡಿಯ ಕೋಣೆ ಅದರಲ್ಲಿ ಸೇರುವುದಿಲ್ಲ. ಹದಿನೆಂಟು ಮೆಟ್ಟಿಲು ಮೇಲೆ ಕೂತಿದ್ದರೆ ಅದೇ ಮಕ್ಕಳು ಅದೇ ಊಟವನ್ನು ಹತ್ತರವರೆಗೂ ತಿನ್ನಬಹುದಿತ್ತು. ನಮ್ಮ ಮೇಜನ್ನು ಕೆಳಗೆ ಹಾಕಿದಾಗಲೇ ಈ ಪ್ರಕರಣ ನಿರ್ಧಾರವಾಗಿತ್ತು. ಹಾಕಿದವರಿಗೆ ನಮ್ಮ ಜೊತೆ ಮಕ್ಕಳಿದ್ದಾರೆಂದು ಗೊತ್ತಿರಲಿಲ್ಲ. ಬುಕಿಂಗ್ ಬರೆದುಕೊಂಡವರಿಗೆ ಮೇಜು ಎಲ್ಲಿ ಬೀಳುತ್ತದೆ ಅಂತ ಗೊತ್ತಿರಲಿಲ್ಲ.

ಬಗೆಹರಿಸಿದ್ದು ಪಕ್ಕದ ಮನೆಯವರು. ಮ್ಯಾನೇಜರನ್ನು ಪಕ್ಕಕ್ಕೆ ಕರೆದು ಮಹಡಿಯ ಪಾರ್ಟಿಯವರು ಊಟ ಮುಗಿಸಿದರೋ ನೋಡಿ ಅಂದರು. ಮುಗಿಸಿ, ಕೇಕು ಕತ್ತರಿಸಿ, ಹಾಡಿಗೆಂದು ಕೆಳಗಿಳಿಯುತ್ತಿದ್ದರು. ಅವರು ಇಳಿದ ಮೆಟ್ಟಿಲನ್ನೇ ನಾವು ಹತ್ತಿದೆವು. ನಮ್ಮ ಪರಿಚಯವೇ ಇಲ್ಲದ, ಐರ್ಲೆಂಡ್ ತಂಡದ ಹಸಿರು ಜೆರ್ಸಿ ತೊಟ್ಟ ನಾಲ್ಕು ಜನ ಬಾರಿನಿಂದ ಎದ್ದು ಬಂದು ಅನ್ನದ ಬಟ್ಟಲು, ಆಲೂ ಗೋಬಿ, ನೀರಿನ ಜಗ್ಗು ಹಿಡಿದು ಹಿಂದೆ ಬಂದರು. ಒಬ್ಬ ದೊಡ್ಡ ಆಳು ಅಮ್ಮನ ಅರ್ಧ ಕುಡಿದ ಬಿಸಿ ಕರಂಟಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತುಳುಕದಂತೆ ತಂದಿಟ್ಟ. ಒಂಬತ್ತಕ್ಕೆ ಎರಡು ನಿಮಿಷ ಇತ್ತು.

ಹೊಸ ದಾಲ್ ಒಂಬತ್ತು ಹತ್ತಕ್ಕೆ ಬಂತು. ಅಮ್ಮ ಮೊದಲು ಮೂಸಿ, ಆಮೇಲೆ ಪಕ್ಕದ ಮನೆಯಾಕೆಯ ಕಡೆ ಸರಿಸಿದಳು.

ಆಮೇಲೆ

ಹೊರಡುವಾಗ ಎರಡು ಬಿಲ್ಲು ಬಂದವು. ಟಿಪ್ಸು ಯಾರ ಮಶೀನಿನಲ್ಲಿ ಹಾಕಿದರೆ ಬಡಿಸಿದ ಹುಡುಗಿಗೆ ಸೇರುತ್ತದೆ ಅಂತ ಕೇಳಿದೆ. 2022ರ ಡಿಸೆಂಬರಿನಿಂದ ಟಿಪ್ಸು ಹೇಗೆ ಹಂಚುತ್ತೇವೆ ಅಂತ ಫಲಕ ಹಾಕುವುದು ಕಡ್ಡಾಯ. ಗೋಡೆಯಲ್ಲಿದ್ದದ್ದು ಪಬ್ಬಿನದು ಮಾತ್ರ. ಅವಳ ಕೈಗೇ ಕೊಟ್ಟೆ.

ಎರಡು ದಿನ ಬಿಟ್ಟು ನಾನು ಮತ್ತೆ ಹೋದೆ, ದೂರು ಹೇಳಲು ಅಲ್ಲ, ಮಾತಾಡಲು. ಮಧ್ಯಾಹ್ನ, ಜನವಿಲ್ಲದ ಹೊತ್ತು. ಪಬ್ಬಿನ ಯಜಮಾನರು, ರೆಸ್ಟೋರೆಂಟಿನವರು, ಅಡುಗೆಯವರು ಮೂವರೂ ಒಂದೇ ಮೇಜಿಗೆ ಕೂತರು. ನಾಲ್ಕು ವರ್ಷದಲ್ಲಿ ಹಾಗೆ ಕೂತಿದ್ದು ಅದೇ ಮೊದಲು ಅಂತ ಯಜಮಾನರೇ ಹೇಳಿದರು. ಬಾಡಿಗೆ, ಕರೆಂಟು, ಬೀಗದ ಕೈ ಇವುಗಳ ಮಾತು ಆಗುತ್ತಿತ್ತು, ಊಟಕ್ಕೆ ಬರುವವರ ಮಾತು ಆಗಿರಲಿಲ್ಲ. ನನ್ನ ಮಟ್ಟಿಗೆ ಆ ರಾತ್ರಿಯ ಮೂರೂ ತೊಡಕುಗಳ ಬೇರು ಇದೇ. ಫ್ರೈಯರು ಪಬ್ಬಿನದು, ಪಕೋಡ ರೆಸ್ಟೋರೆಂಟಿನದು. ಮೇಜು ಪಬ್ಬಿನದು, ಬುಕಿಂಗ್ ರೆಸ್ಟೋರೆಂಟಿನದು. ನಾನು ಫೋನಿನಲ್ಲಿ ಹೇಳಿದ ಮಾತು ಒಬ್ಬರ ಚೀಟಿಯಲ್ಲಿ ಉಳಿಯಿತು, ಇನ್ನೊಬ್ಬರ ಕಿವಿಗೆ ಬೀಳಲಿಲ್ಲ.

ನನ್ನ ಪಾಲಿನ ತಪ್ಪೂ ಇದೆ. ವೆಜ್ ಇದೆಯಾ, ಗ್ಲುಟನ್ ಇಲ್ಲದ್ದು ಇದೆಯಾ ಅಂತ ಕೇಳಿದರೆ ಯಾರಾದರೂ ಇದೆ ಅಂತಲೇ ಹೇಳುತ್ತಾರೆ, ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಕೇಳಬೇಕಿದ್ದದ್ದು ಬೇರೆ. ಮೇಜು ಮೇಲೋ ಕೆಳಗೋ? ಕರಿಯುವ ಎಣ್ಣೆ ಬೇರೆಯೋ ಒಂದೆಯೋ? ಒಗ್ಗರಣೆಗೆ ಯಾವ ಇಂಗು, ಡಬ್ಬಿಯ ಹಿಂದೆ ಏನು ಬರೆದಿದೆ? ಚಳಿಗಾಲದಲ್ಲಿ ಮಕ್ಕಳೊಂದಿಗೆ ಹೋಗುವವರು ಆರೂವರೆಗೇ ಕೂರುವುದು ಒಳ್ಳೆಯದು, ರಗ್ಬಿ ಇದ್ದರೆ ಇನ್ನೊಂದು ದಿನ ನೋಡಿಕೊಳ್ಳುವುದು.

ಅವರು ಮಾಡಿಕೊಂಡ ಬದಲಾವಣೆ ದೊಡ್ಡದೇನಲ್ಲ. ಬುಕಿಂಗ್ ಪುಸ್ತಕ ಈಗ ಬಾರಿನ ಕೌಂಟರಿನ ಮೇಲಿದೆ, ಇಬ್ಬರೂ ಅದರಲ್ಲೇ ಬರೆಯುತ್ತಾರೆ. ಮಕ್ಕಳಿದ್ದರೆ ಹೆಸರಿನ ಪಕ್ಕ ಒಂದು ಗೆರೆ, ಅಂಥವರಿಗೆ ಮಹಡಿ. ಎರಡನೇ ಫ್ರೈಯರಿಗೆ ಜಾಗವಿಲ್ಲ, ಹೊಗೆ ಹೋಗುವ ಕೊಳವೆಯೂ ಸಾಲದು. ಅದಕ್ಕೆ ಮೆನುವಿನಲ್ಲಿ ಪಕೋಡ ಸಮೋಸಗಳ ಕೆಳಗೆ 'ಮೀನು ಮಾಂಸ ಕರಿಯುವ ಎಣ್ಣೆಯಲ್ಲೇ ಕರಿದದ್ದು' ಅಂತ ಅಚ್ಚು ಹಾಕಿಸಿದ್ದಾರೆ. ಅದರಿಂದ ಒಂದಷ್ಟು ಗಿರಾಕಿ ಕಡಿಮೆಯಾಗಬಹುದು ಅಂತ ಗೊತ್ತಿದ್ದೂ ಹಾಕಿಸಿದರು. ನನಗೆ ಅವರ ಮೇಲೆ ಗೌರವ ಬಂದಿದ್ದು ಅಲ್ಲಿ.

ಮೇ ತಿಂಗಳಲ್ಲಿ ನಾವು ನಾಲ್ವರು, ಪಕ್ಕದ ಮನೆಯ ಇಬ್ಬರು ಮತ್ತೆ ಹೋದೆವು. ಮಹಡಿಯಲ್ಲಿ ಕಿಟಕಿ ಪಕ್ಕ ಕೂತಿದ್ದಾಗ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ತಿಪಟೂರಿನಲ್ಲಿ ರಾತ್ರಿ ಹನ್ನೊಂದೂವರೆ, ಆದರೂ ಎತ್ತಿಕೊಂಡಳು. "ಇಂಗಿನ ಡಬ್ಬಿ ತೋರ್ಸು" ಅನ್ನುವುದೇ ಅವಳ ಮೊದಲ ಮಾತು. ಅಡುಗೆಯವರನ್ನು ಕರೆದೆ. ಅವರು ಡಬ್ಬಿ ತಂದು, ಹಿಂಬದಿ ತಿರುಗಿಸಿ, ಫೋನಿನ ಮುಂದೆ ಹಿಡಿದು, ಒಂದೊಂದೇ ಓದಿದರು: ಗೋಂದು, ಅಕ್ಕಿ ಹಿಟ್ಟು, ಇಂಗು.

"ಹ್ಞಾಂ, ಈಗ ಬಡಿಸಿ" ಅಂದಳು ಅಮ್ಮ.